ಮಧ್ಯಾಹ್ನ ಮಲಗುವ ಗಿಡಗಳು

“ಶ್... ಮೆಲ್ಲಗೆ ಬಾ. ಮಲಗಿವೆ.”

ಮಧ್ಯಾಹ್ನ ಮೂರು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಎಪ್ಪತ್ತೆಂಟು ವರ್ಷದ ಡಾಕ್ಟರೊಬ್ಬರು ತಮ್ಮದೇ ಮನೆಯ ಬೇಸ್‌ಮೆಂಟ್ ಮೆಟ್ಟಿಲ ಮೇಲೆ ನಿಂತು, ತುಟಿಗೆ ಬೆರಳಿಟ್ಟು ನನಗೆ ಹೀಗೆ ಹೇಳಿದರು.

ಮೊಮ್ಮಕ್ಕಳು ಮಲಗಿದ್ದರು ಎಂದುಕೊಂಡಿರಾ? ಅಲ್ಲ. ಮಲಗಿದ್ದದ್ದು ಎರಡು ಗಾಂಜಾ ಗಿಡ.

ಗಾಬರಿ ಬೇಡ. ನಮ್ಮ ಮೇರಿಲ್ಯಾಂಡ್ ರಾಜ್ಯದಲ್ಲಿ ಈಗ ದೊಡ್ಡವರು ಮನೆಯೊಂದಕ್ಕೆ ಎರಡು ಗಿಡ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ, ಬೆಳೆಸಿಕೊಳ್ಳಬಹುದು. ಕಾನೂನೇ ಬಂದಿದೆ. (ವೀಸಾ, ಗ್ರೀನ್ ಕಾರ್ಡ್ ಮೇಲಿರುವ ಓದುಗರೇ, ಇದನ್ನು ಓದಿ ಬೇಸ್‌ಮೆಂಟ್‌ಗೆ ಓಡಬೇಡಿ. ರಾಜ್ಯದ ಕಾನೂನು ಬೇರೆ, ಫೆಡರಲ್ ಕಾನೂನು ಬೇರೆ. ನಿಮ್ಮ ಫೈಲ್ ನೋಡುವುದು ಎರಡನೆಯವರು. ನಾರ್ತ್ ಕ್ಯಾರೊಲೈನಾದ ಓದುಗರೇ, ನಿಮ್ಮಲ್ಲಿ ಎರಡು ಕಾನೂನೂ ಒಪ್ಪುವುದಿಲ್ಲ. ಸುಮ್ಮನೆ ಓದಿ ಸಂತೋಷಪಡಿ.)

ಶ್ರೀಪತಿ ಅಂಕಲ್‌ಗೆ ಆ ಭಯವಿಲ್ಲ. ಅವರು ಇಲ್ಲಿಯ ಸಿಟಿಜನ್ ಆದಾಗ ನಾನಿನ್ನೂ ಹುಟ್ಟಿರಲಿಲ್ಲ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಎಪ್ಪತ್ತರ ದಶಕದಲ್ಲಿ ಬಂದವರು, ಎಲಿಕಾಟ್ ಸಿಟಿಯಲ್ಲಿ ಮನೆ. ವೃತ್ತಿ ಅನಸ್ತೀಷಿಯಾ. ಆಪರೇಷನ್ನಿಗೆ ಮೊದಲು ಜನರನ್ನು ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು, ನಡುವೆ ನೋವು ಗೊತ್ತಾಗದಂತೆ ನೋಡಿಕೊಳ್ಳುವುದು. ನಲವತ್ತು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಈಗ ಸ್ವಂತ ಹೆಂಡತಿಯನ್ನು ಮಲಗಿಸಲು ಆಗುತ್ತಿಲ್ಲ.

ವನಜಾ ಆಂಟಿಗೆ ಎರಡು ವರ್ಷದ ಹಿಂದೆ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿತು, ಕಲೆ ಮಾಸಿತು, ಉರಿ ಮಾತ್ರ ಹೋಗಲಿಲ್ಲ. ಎಡಗಡೆ ಪಕ್ಕೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಕೆಂಡ. ಬ್ಲೌಸಿನ ಅಂಚು ತಾಗಿದರೂ ಸಹಿಸಲಾಗುವುದಿಲ್ಲ. ಎಡಗೈ ಎತ್ತಲಾಗುವುದಿಲ್ಲ. ರಾತ್ರಿಯೆಲ್ಲ ಸೇರಿ ಮೂರು ಗಂಟೆ ಹೊತ್ತು ನಿದ್ದೆ ಬಂದರೆ ಅದೇ ಹಬ್ಬ. ಅಂಕಲ್ ಮಾತ್ರೆ ಕೊಡಿಸಿದರು, ಪಟ್ಟಿ ಅಂಟಿಸಿದರು, ಮುಲಾಮು ಹಚ್ಚಿದರು, ತಮಗಿಂತ ಚಿಕ್ಕ ಡಾಕ್ಟರುಗಳ ಮುಂದೆ ಹೋಗಿ ಸರತಿಯಲ್ಲಿ ಕೂತರು. ಒಂದು ಮಾತ್ರೆಗೆ ತಲೆಸುತ್ತು, ಇನ್ನೊಂದಕ್ಕೆ ವಾಕರಿಕೆ. ಉರಿ ಇದ್ದಲ್ಲೇ ಇತ್ತು.

ಕೊನೆಗೆ ಉಳಿದದ್ದು ಈ ಗಿಡ. ಇದರ ಹೂವನ್ನು ಎಣ್ಣೆಯಲ್ಲಿ ಕಾಯಿಸಿ ಹನಿ ಲೆಕ್ಕದಲ್ಲಿ ಕೊಟ್ಟರೆ ಕೆಲವರಿಗೆ ನರದ ನೋವು ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಇದನ್ನು ಅಂಕಲ್ಲೇ ನನಗೆ ಹೇಳಿದರು, ಡಾಕ್ಟರ್ ಪೇಶೆಂಟಿಗೆ ಹೇಳುವ ಧ್ವನಿಯಲ್ಲಿ.

ಅಂಗಡಿಯಲ್ಲಿ ಸಿಗುವುದಿಲ್ಲವೇ? ಸಿಗುತ್ತದೆ. ಅವರ ಮನೆಯಿಂದ ಹತ್ತು ನಿಮಿಷದ ಡ್ರೈವ್.

“ಅದರಲ್ಲಿ ಏನು ಹಾಕಿದಾರೋ ಗೊತ್ತಿಲ್ಲದೆ ವನಜಂಗೆ ಕೊಡಲ್ಲಮ್ಮ” ಎಂದರು ಅಂಕಲ್. ಧ್ವನಿ ತಗ್ಗಿಸಿ, “ಅಲ್ಲದೆ ಕ್ಯೂನಲ್ಲಿ ನಮ್ಮೋರು ಯಾರಾದ್ರೂ ಸಿಕ್ಕಿದ್ರೆ?” ಎಂದರು. (ಸಿಕ್ಕವರೂ ಅದೇ ಕ್ಯೂನಲ್ಲಿ ನಿಂತಿರುತ್ತಾರಲ್ಲವೇ? ಈ ತರ್ಕ ನಮ್ಮ ಹಿರಿಯರ ಹತ್ತಿರ ನಡೆಯುವುದಿಲ್ಲ.)

ಇಷ್ಟಕ್ಕೂ ನನ್ನನ್ನು ಯಾಕೆ ಕರೆದರು? ಜರ್ಮನ್‌ಟೌನ್‌ನ ಒಂದು ಬಯೋಟೆಕ್ ಕಂಪನಿಯಲ್ಲಿ ನನ್ನ ಕೆಲಸ ಗಿಡಗಳಿಗೆ ದೀಪ ಹಿಡಿಯುವುದು. ಕಿಟಕಿಯಿಲ್ಲದ ಕೋಣೆ, ಸಾಲು ಸಾಲು ಟೊಮೇಟೊ ಸಸಿ, ಮೇಲೆ ಎಲ್‌ಇಡಿ. ಯಾವ ಬೆಳಕು, ಎಷ್ಟು ಹೊತ್ತು, ಎಷ್ಟು ಎತ್ತರದಿಂದ, ಅಷ್ಟೇ ನನ್ನ ಪಾಂಡಿತ್ಯ. ಅಕ್ಟೋಬರ್ ಬಂದರೆ ಸಾಕು, ಚಳಿಯಲ್ಲಿ ಕರಿಬೇವಿನ ಗಿಡ ಉಳಿಸುವುದು ಹೇಗೆ ಎಂದು ನಮ್ಮವರ ಫೋನುಗಳು ಶುರುವಾಗುತ್ತವೆ. ಗಾಂಜಾಕ್ಕೆ ಫೋನ್ ಬಂದದ್ದು ಇದೇ ಮೊದಲು.

“ಸುಮಾ, ಹನ್ನೊಂದು ಲೈಟ್ ಶಾರ್ಟ್‌ಲಿಸ್ಟ್ ಮಾಡಿದೀನಿ. ಒಂದು ಪಿಕ್ ಮಾಡಿಕೊಡು” ಎಂದಿದ್ದರು ಅಂಕಲ್. ಅದು ಚಳಿಗಾಲದ ಕೊನೆ.

ಆ ಪಟ್ಟಿ ನೋಡಿದರೆ ಹುಡುಗಿ ನೋಡಲು ಹೊರಟ ಮನೆಯವರ ಪಟ್ಟಿಯಂತಿತ್ತು. ಒಂದೊಂದು ದೀಪದ ಮುಂದೆಯೂ ಅದರ ಗುಣಗಾನ. ‘ಸಾವಿರ ವಾಟಿಗೆ ಸಮ’ ಎಂದು ಬರೆದದ್ದು ಮೂರು. ಸಮವಂತೆ! ಗೋಡೆಯಿಂದ ಎಳೆಯುವುದು ನೂರು ವಾಟ್. ಮಿಕ್ಕ ಒಂಬೈನೂರು ಎಲ್ಲಿಂದ ಬರುತ್ತದೆ, ಆಕಾಶದಿಂದಲೇ? ಆ ಮೂರನ್ನು ಮೊದಲು ಹೊಡೆದು ಹಾಕಿದೆ. ನಾಲ್ಕು ನೇರಳೆ ಬಣ್ಣದವು. ನನಗೆ ಈ ನೇರಳೆ ದೀಪ ಕಂಡರೆ ಆಗುವುದಿಲ್ಲ. ಕೆಂಪು, ನೀಲಿ ಎರಡೇ ಸಾಕು ಎಂದು ಮಾರುತ್ತಾರೆ. ಗಿಡ ಬೆಳೆಯುತ್ತದೆ, ನಿಜ. ಆದರೆ ಅದರಡಿ ಎಲೆ ಕಪ್ಪಾಗಿ ಕಾಣುತ್ತದೆ. ಹಳದಿ ತಿರುಗಿದೆಯೋ, ಅಂಚು ಸುಟ್ಟಿದೆಯೋ ಒಂದೂ ತಿಳಿಯುವುದಿಲ್ಲ.

ಇದನ್ನು ಅಂಕಲ್‌ಗೆ ಹೇಗೆ ಹೇಳುವುದು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅವರಿಗೆ ಅರ್ಧ ಮಾತಿಗೇ ಅರ್ಥವಾಯಿತು.

“ಅಂದ್ರೆ ಪೇಶೆಂಟ್ ತುಟಿ ನೀಲಿ ಆದ್ರೂ ನನಗೆ ಕಾಣಲ್ಲ, ಅಲ್ವಾ? ಬೇಡ. ಬಿಳಿದೇ ಹೇಳು.”

ಹೀಗೆ ಹನ್ನೊಂದು ನಾಲ್ಕಾಯಿತು, ನಾಲ್ಕು ಒಂದಾಯಿತು. ಬಿಳಿ ಬೆಳಕು, ಅದರಲ್ಲಿ ಸ್ವಲ್ಪ ಹೆಚ್ಚಿನ ಕೆಂಪು, ಬೇಕಾದಂತೆ ಏರಿಸಿ ಇಳಿಸುವ ಗುಂಡಿ, ಎಷ್ಟು ಎತ್ತರದಲ್ಲಿ ಎಲ್ಲೆಲ್ಲಿ ಎಷ್ಟು ಬೆಳಕು ಬೀಳುತ್ತದೆ ಎಂಬ ನಕ್ಷೆಯನ್ನು ಪ್ರಾಮಾಣಿಕವಾಗಿ ಕೊಟ್ಟ ಕಂಪನಿ. ಅಂಕಲ್ ತರಿಸಿದರು, ತಾವೇ ಏಣಿ ಹತ್ತಿ ಸೀಲಿಂಗಿಗೆ ಕಟ್ಟಿದರು. ಕೆಳಗೆ ಎರಡು ಕಪ್ಪು ಬಕೆಟ್. ಮಣ್ಣಿಲ್ಲ. ಬಕೆಟ್ಟಿನಲ್ಲಿ ಗೊಬ್ಬರ ಕರಗಿಸಿದ ನೀರು, ಮೀನಿನ ತೊಟ್ಟಿಯ ಪಂಪಿನಿಂದ ಗುಳುಗುಳು ಗಾಳಿ, ಮುಚ್ಚಳದ ಜಾಲರಿ ಬಟ್ಟಲಲ್ಲಿ ಗಿಡ. ಬೇರು ನೀರಿಗೆ ಇಳಿಬಿದ್ದಿರುತ್ತದೆ. ಪಕ್ಕದಲ್ಲಿ ಕ್ಲಿಪ್‌ಬೋರ್ಡ್. ನೀರಿನ ಹುಳಿ, ನೀರಿನ ಬಿಸಿ, ಗಿಡದ ಎತ್ತರ, ಎಲ್ಲವನ್ನೂ ದಿನಕ್ಕೆ ನಾಲ್ಕು ಸಲ ಬರೆಯುತ್ತಿದ್ದರು. ಆಪರೇಷನ್ ಥಿಯೇಟರಿನಿಂದ ರಿಟೈರ್ ಆದ ಮೇಲೆ ಅವರ ಕೈಗೆ ಮತ್ತೆ ಒಬ್ಬ ಪೇಶೆಂಟ್ ಸಿಕ್ಕಿದ್ದ ಹಾಗಿತ್ತು.

ಗಿಡ ಬೆಳೆದವು. ಎದೆಯೆತ್ತರ ಬಂದವು. ಇನ್ನು ಹೂ ಬಿಡಬೇಕು.

ಇಲ್ಲಿ ಒಂದು ಸಣ್ಣ ಪಾಠ, ಬೇಸರಪಡಬೇಡಿ. ಈ ಗಿಡ ಹೂ ಬಿಡುವುದು ದಿನಕ್ಕೆ ಹನ್ನೆರಡು ಗಂಟೆಯಷ್ಟು ಕತ್ತಲು ಸಿಕ್ಕಾಗ. ಕತ್ತಲು ಎಂದರೆ ಕತ್ತಲು. ನಡುವೆ ಬೆಳಕು ಇಣುಕಬಾರದು. ಗಿಡ ಹಗಲನ್ನು ಅಳೆಯುವುದಿಲ್ಲ, ರಾತ್ರಿಯನ್ನು ಅಳೆಯುತ್ತದೆ. ಅಂಕಲ್ ಅದಕ್ಕೊಂದು ಉಪಾಯ ಮಾಡಿದರು. ಬೇಸಿಗೆಯ ಹಗಲಲ್ಲಿ ದೀಪ ಉರಿಸಿದರೆ ಕೋಣೆ ಕಾಯುತ್ತದೆ, ಆದ್ದರಿಂದ ಗಿಡಕ್ಕೆ ರಾತ್ರಿಯೇ ಹಗಲು, ಹಗಲೇ ರಾತ್ರಿ. ಬೆಳಿಗ್ಗೆ ಎಂಟಕ್ಕೆ ದೀಪ ಆಫ್, ರಾತ್ರಿ ಎಂಟಕ್ಕೆ ಆನ್. ಎರಡು ವಾರದಲ್ಲಿ ಬಿಳಿ ಎಳೆಯಂತೆ ಹೂವಿನ ಮೊದಲ ಗುರುತು ಕಾಣಬೇಕು.

ಏಳು ವಾರವಾಯಿತು. ಗಿಡ ಎತ್ತರವಾಗುತ್ತಲೇ ಇದೆ, ಹೂವಿನ ಸುಳಿವಿಲ್ಲ.

ಫೋನ್ ಬಂತು. “ಲೈಟ್ ತಪ್ಪಾಯ್ತು ಸುಮಾ. ಬೇರೆ ಸೆಲೆಕ್ಟ್ ಮಾಡಬೇಕು.”

ನಾನು ಆರಿಸಿದ ಲೈಟಿಗೆ ಬೈದರೆ ನಾನು ಮಾಡಿದ ಸಾರಿಗೆ ಬೈದಷ್ಟೇ ಕೋಪ ಬರುತ್ತದೆ. ಶನಿವಾರ ಮಧ್ಯಾಹ್ನವೇ ಕಾರು ತೆಗೆದೆ. ಸಾಬೀತು ಮಾಡಿಯೇ ಬರುವುದು ಎಂದು ಬೆಳಕು ಅಳೆಯುವ ಮೀಟರನ್ನೂ ಬ್ಯಾಗಿಗೆ ಹಾಕಿಕೊಂಡೆ. ಹಾಗಾಗಿಯೇ ಆ ಮೆಟ್ಟಿಲ ಮೇಲೆ ಅಂಕಲ್ ನನಗೆ ಶ್ ಎಂದದ್ದು. ಗಿಡಗಳಿಗೆ ಆಗ ನಡುರಾತ್ರಿ.

ಹಸಿರು ಟಾರ್ಚ್ ಹಿಡಿದು ಒಳಗೆ ಕರೆದುಕೊಂಡು ಹೋದರು. (ಹಸಿರು ಬೆಳಕು ಗಿಡಕ್ಕೆ ಅಷ್ಟಾಗಿ ನಾಟುವುದಿಲ್ಲ.) ಎಂಥ ಕಟ್ಟುನಿಟ್ಟು ಅಂತೀರಿ. ಕಿಟಕಿಗೆ ಕಪ್ಪು ಹಾಳೆ. ವಾಟರ್ ಹೀಟರಿನ ಪುಟ್ಟ ದೀಪಕ್ಕೆ ಕಪ್ಪು ಟೇಪ್. ಪಂಪಿನ ಸ್ವಿಚ್ಚಿಗೆ ಟೇಪ್. ಹೊಗೆ ಪತ್ತೆ ಮಾಡುವ ಯಂತ್ರದ ಹಸಿರು ಚುಕ್ಕಿಗೂ ಟೇಪ್. ಬಾಗಿಲ ಕೆಳಗಿನ ಸಂದಿಗೆ ಸುತ್ತಿಟ್ಟ ಟವೆಲ್.

ಆದರೂ ಎಲೆಗಳ ಮೇಲೆ ಕೆಂಪು ಗೆರೆಗಳು.

ತಿರುಗಿ ನೋಡಿದೆ. ಅದೇ ಕೋಣೆಯ ಒಂದು ಮೂಲೆಯಲ್ಲಿ ಕ್ಲೋಸೆಟ್. ಪಟ್ಟಿ ಪಟ್ಟಿಯಾಗಿ ಸಂದಿ ಇರುವ ಮಡಿಸುವ ಬಾಗಿಲು. ಅದು ಆಂಟಿಯ ದೇವರ ಮನೆ. ಒಳಗೆ ವೆಂಕಟರಮಣನ ಪಟದ ಮೇಲೆ ಕೆಂಪು ಜೀರೋ ಬಲ್ಬ್, ಊರಿಂದ ಹೊತ್ತು ತಂದದ್ದು, ನಿಶ್ಚಿಂತೆಯಿಂದ ಉರಿಯುತ್ತಿತ್ತು.

“ಅಂಕಲ್, ಆ ಬೆಳಕು?”

“ಯಾವ ಬೆಳಕು?”

“ಆ ಬಲ್ಬ್.”

“ಅದು ಬೆಳಕಲ್ಲಮ್ಮ. ದೇವರ ದೀಪ.”

ತಮಾಷೆಗೆ ಹೇಳಲಿಲ್ಲ. ಸಾಸಿವೆಯಷ್ಟು ಹಸಿರು ಚುಕ್ಕಿಗೂ ಟೇಪ್ ಹಚ್ಚಿದ ಮನುಷ್ಯನಿಗೆ ಅದು ಬೆಳಕಿನ ಲೆಕ್ಕಕ್ಕೇ ಬಂದಿರಲಿಲ್ಲ. ನಗಬೇಡಿ. ನಮ್ಮೆಲ್ಲರ ಮನೆಯಲ್ಲೂ ದೇವರ ಮುಂದಿನದು ಕರೆಂಟ್ ಬಿಲ್ಲಿನ ಲೈಟಲ್ಲ, ಬೇರೆಯೇ ಏನೋ. ಆದರೆ ಗಿಡಕ್ಕೆ ದೈವಭಕ್ತಿ ಇಲ್ಲ. ಕತ್ತಲಲ್ಲಿ ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಎಚ್ಚರಿಸುವುದು ಕೆಂಪು ಬೆಳಕು. ಸಣ್ಣಗಿದ್ದರೂ ಸಾಕು, ಇನ್ನೂ ಹಗಲಿದೆ ಎಂದುಕೊಂಡು ಹೂವಿನ ಕೆಲಸ ಮುಂದೂಡುತ್ತದೆ.

ಹೇಳಲು ಬಾಯಿ ತೆರೆದೆ. ನನ್ನ ಲೈಟಿನ ಮಾನ ಉಳಿದ ಖುಷಿ ಬೇರೆ. ಅಷ್ಟರಲ್ಲಿ ಮೇಲಿಂದ ಆಂಟಿಯ ಧ್ವನಿ.

“ಸುಮಾ, ಸ್ವಲ್ಪ ಬಾಮ್ಮ. ಮೇಲಿನ ಶೆಲ್ಫಿಂದ ಕೋಡುಬಳೆ ಡಬ್ಬ ತೆಗೆದುಕೊಡು. ನಂಗೆ ಕೈ ಎತ್ತೋಕಾಗಲ್ಲ.”

ಹತ್ತಿ ಹೋದೆ. ಅಂಕಲ್ ಕೆಳಗೆ ಕ್ಲಿಪ್‌ಬೋರ್ಡಿನಲ್ಲಿ ಏನೋ ಬರೆಯುತ್ತ ಉಳಿದರು. ಆಂಟಿ ಸಡಿಲ ನೈಟಿಯಲ್ಲಿ, ಎಡಗೈಯನ್ನು ಮೈಗೆ ತಾಗದಂತೆ ಸ್ವಲ್ಪ ದೂರ ಹಿಡಿದುಕೊಂಡು, ಬಲಗೈಯಲ್ಲಿ ಡಿಕಾಕ್ಷನ್ ಬಗ್ಗಿಸುತ್ತಿದ್ದರು. ಡಬ್ಬ ಇಳಿಸಿಕೊಟ್ಟು, “ಆಂಟಿ, ಗಿಡದ ಪ್ರಾಬ್ಲಮ್ ಗೊತ್ತಾಯ್ತು. ದೇವರ ಮನೆ ಬಲ್ಬ್...” ಎಂದೆ.

“ಗೊತ್ತು” ಎಂದರು ಆಂಟಿ.

ನನಗೆ ಅರ್ಥವಾಗಲಿಲ್ಲ.

“ನನ್ನ ತಮ್ಮಂದು ಚಿಕ್ಕಬಳ್ಳಾಪುರದ ಹತ್ರ ಸೇವಂತಿಗೆ ತೋಟ ಇದೆ. ಹೋದ್ಸಲ ಊರಿಗೆ ಹೋದಾಗ ನೋಡಿದೆ, ತೋಟದ ತುಂಬ ಬಲ್ಬ್ ಕಟ್ಟಿದಾನೆ, ಮದುವೆ ಮನೆ ಥರ. ಯಾಕೋ ಅಂದೆ. ಬೆಳಕಿದ್ರೆ ಹೂ ಬಿಡಲ್ಲ ಅಕ್ಕ, ಗಿಡ ಬೆಳೀತಾ ಇರತ್ತೆ, ಹಬ್ಬದ ಲೆಕ್ಕ ನೋಡ್ಕೊಂಡು ಆಫ್ ಮಾಡ್ತೀನಿ ಅಂದ.” ಲೋಟಕ್ಕೆ ಹಾಲು ಹಾಕಿದರು. “ಮೊದಲು ನಾನು ಬಲ್ಬನ್ನ ಸಂಜೆ ಹಾಕಿ ಬೆಳಿಗ್ಗೆ ಆಫ್ ಮಾಡ್ತಿದ್ದೆ. ಇವರು ಗಿಡಕ್ಕೆ ಹಗಲಲ್ಲಿ ರಾತ್ರಿ ಮಾಡಿದ ದಿನದಿಂದ ಆಫ್ ಮಾಡಿಲ್ಲ.”

“ಬೇಕು ಅಂತಾನೇ?”

“ಬೇಕು ಅಂತಾನೇ.”

“ಅಂಕಲ್ ನೋಡ್ತಾರೆ ಅನ್ನಿಸಲಿಲ್ವಾ?”

“ದೇವರ ಮನೆ ಕಡೆ ಐವತ್ತು ವರ್ಷದಿಂದ ನೋಡಿಲ್ಲ. ಈಗ ನೋಡ್ತಾರಾ?”

(ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲು ಆಂಟಿಯ ಒಪ್ಪಿಗೆ ಇದೆ. ‘ಅವರು ಮೆಡಿಕಲ್ ಜರ್ನಲ್ ಬಿಟ್ಟು ಏನೂ ಓದಲ್ಲ, ಧೈರ್ಯವಾಗಿ ಬರಿ’ ಎಂದಿದ್ದಾರೆ.)

ನಾನು ಕೇಳಿದೆ, ನಿಮಗೆ ಈ ಔಷಧಿ ಇಷ್ಟವಿಲ್ಲವೇ, ಗಾಂಜಾ ಎಂದು ಹೇಸಿಗೆಯೇ ಎಂದು. ಆಂಟಿ ತಲೆ ಆಡಿಸಿದರು. ಹೇಸಿಗೆ ಏನಿಲ್ಲವಂತೆ. ಈ ಉರಿಗೆ ವಿಷವನ್ನಾದರೂ ಹಚ್ಚಿಕೊಳ್ಳಲು ತಯಾರಂತೆ.

“ಮತ್ತೆ?”

“ಇದೂ ಕೆಲಸ ಮಾಡದಿದ್ರೆ ಇನ್ನೇನೂ ಉಳಿದಿಲ್ಲ ಸುಮಾ. ನನಗಲ್ಲ, ಅವರಿಗೆ.” ಕಾಫಿ ಲೋಟವನ್ನು ನನ್ನ ಕಡೆ ಸರಿಸಿದರು. “ಪ್ರತಿಸಲ ಒಂದು ಮಾತ್ರೆ ಸೋತಾಗ ನನ್ನ ಉರಿ ಇದ್ದ ಹಾಗೇ ಇರತ್ತೆ. ಅವರು ಮಾತ್ರ ಒಂದಿಷ್ಟು ಇಳಿದುಹೋಗ್ತಾರೆ. ಹೋದ ವರ್ಷ ಒಂದು ಇಂಜೆಕ್ಷನ್ ಕೊಡಿಸಿದ್ರು, ಅದೂ ಕೆಲಸ ಮಾಡಲಿಲ್ಲ ಅಂದಾಗ ಎರಡು ದಿನ ಊಟ ಬಿಟ್ರು. ನಲವತ್ತು ವರ್ಷ ಎಲ್ಲರಿಗೂ ಮಾಡಿದೆ, ನಿನಗೆ ಮಾಡೋಕಾಗ್ಲಿಲ್ಲ ಅಂತ ಅತ್ತರು. ಅವರು ಅತ್ತಿದ್ದು ನಾನು ಅದೇ ಮೊದಲು ನೋಡಿದ್ದು. ಈ ಗಿಡ ಬಂದ ಮೇಲೆ ಬೆಳಿಗ್ಗೆ ಎದ್ದು ಶೇವ್ ಮಾಡ್ಕೋತಾರೆ. ಊಟ ಮಾಡ್ತಾರೆ. ಸಂಜೆ ನನ್ನ ಪಕ್ಕ ಕೂತು ಗಿಡದ ಕಥೆ ಹೇಳ್ತಾರೆ. ಹೂ ಬಂದ್ರೆ ಕೊಡ್ಲೇಬೇಕು. ಕೊಟ್ರೆ ಗೊತ್ತಾಗಿಬಿಡತ್ತೆ.”

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಅಳುವೂ ಬಂತು, ಆದರೆ ಮೊದಲು ಬಂದದ್ದು ಸಿಟ್ಟು. ಪಕ್ಕೆಯಲ್ಲಿ ಬೆಂಕಿ ಇಟ್ಟುಕೊಂಡು ಗಂಡನ ಮುಖ ಕಾಯುವ ಈ ಹಟ ಯಾರು ಕಲಿಸಿದರು ಇವರಿಗೆ?

ಆಮೇಲೆ ನನ್ನ ಬಗ್ಗೆಯೇ ಯೋಚಿಸಿದೆ. ನನಗೆ ಮೈಗ್ರೇನ್ ಇದೆ. ನನ್ನ ಅತ್ತೆ ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ಶುಂಠಿ ಕಷಾಯ ಹೇಳಿಕೊಟ್ಟರು. ಒಂದು ವಾರ ಕುಡಿದೆ. ತಲೆನೋವಿನ ಜೊತೆ ಎದೆ ಉರಿಯೂ ಸೇರಿತು. ‘ಈಗ ಹೇಗಿದೆಯಮ್ಮ?’ ಎಂದು ಕೇಳಿದಾಗ ನಾನೇನು ಹೇಳಿದೆ? ‘ಎಷ್ಟೋ ವಾಸಿ ಅತ್ತೆ.’ ಅವರ ಮುಖ ಎಷ್ಟು ಅರಳಿತೆಂದರೆ, ಆ ಸುಳ್ಳನ್ನು ವಾಪಸ್ ತೆಗೆದುಕೊಳ್ಳಲು ಇವತ್ತಿಗೂ ಆಗಿಲ್ಲ.

ನಮ್ಮಲ್ಲಿ ಯಾರಿಗಾದರೂ ನೋವೆಂದರೆ ಸಾಕು, ಸುತ್ತಲಿನವರು ಮದ್ದು ತಂದು ಸುರಿಯುತ್ತಾರೆ. ಮೆಂತ್ಯ ನೀರು, ಅರಿಶಿನ ಹಾಲು, ಯಾರದೋ ಭಾವನಿಗೆ ಗುಣವಾದ ಎಣ್ಣೆ. ಪ್ರೀತಿಯೇ ಅದು, ಅಲ್ಲವೆನ್ನುವುದಿಲ್ಲ. ಆದರೆ ಮದ್ದು ತಂದವರ ಸಂತೋಷವನ್ನು ಕಾಪಾಡುವ ಕೆಲಸ ಯಾರದು? ನೋವಿರುವವರದೇ. ವಾಸಿಯಾಗದಿದ್ದರೆ ತಪ್ಪು ಮದ್ದಿನದಲ್ಲ, ತಮ್ಮದು ಎಂಬಂತೆ ಮುದುಡುತ್ತಾರೆ. ಆಂಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮದ್ದು ಸೋಲಬಾರದೆಂದು ಮದ್ದೇ ಬಾರದಂತೆ ನೋಡಿಕೊಂಡಿದ್ದರು.

“ಆಂಟಿ, ಒಂದು ಕೇಳ್ಲಾ?” ಎಂದೆ. “ಕೆಲಸ ಮಾಡಿದ್ರೆ?”

“ಏನು?”

“ಔಷಧಿ. ಕೆಲಸ ಮಾಡಿಬಿಟ್ರೆ?”

ಆಂಟಿ ಲೋಟ ಕೆಳಗಿಟ್ಟರು.

“ಅದನ್ನ ಯೋಚನೆ ಮಾಡೋದು ಬಿಟ್ಟಿದೀನಿ” ಎಂದರು. “ಹಾಗೆ ಯೋಚನೆ ಮಾಡಿದ ದಿನ ಉರಿ ಇನ್ನೂ ಜಾಸ್ತಿ ಆಗತ್ತೆ.”

ಬೇಸ್‌ಮೆಂಟ್ ಮೆಟ್ಟಿಲ ಮೇಲೆ ಅಂಕಲ್ ಹತ್ತಿಬರುವ ಸದ್ದಾಯಿತು. ನನಗೆ ಉಳಿದದ್ದು ಅರ್ಧ ನಿಮಿಷ. ಹೇಳಿದರೆ ಆಂಟಿಗೆ ದ್ರೋಹ. ಹೇಳದಿದ್ದರೆ? ಅವರು ಇನ್ನೊಂದು ಬೇಸಿಗೆ, ಇನ್ನೊಂದು ಚಳಿಗಾಲ ಹೀಗೆಯೇ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿರಬೇಕು. ನಾನು ಮೆಲ್ಲಗೆ ಹೇಳಿದೆ, “ಮೂರು ವಾರ ಸುಮ್ನಿರ್ತೀನಿ ಆಂಟಿ. ಆಮೇಲೆ ನಾನೇ ಅವರಿಗೆ ಹೇಳ್ತೀನಿ.” ಹಿರಿಯರಿಗೆ ನಾನು ಹಾಗೆ ಗಡುವು ಕೊಟ್ಟದ್ದು ಅದೇ ಮೊದಲು. ಆಂಟಿ ಡಬ್ಬದಿಂದ ಕೋಡುಬಳೆ ತೆಗೆದು ತಟ್ಟೆಗೆ ಹಾಕತೊಡಗಿದರು.

ಅಂಕಲ್ ಬಂದು ಕುರ್ಚಿ ಎಳೆದುಕೊಂಡು ಕೂತರು. “ಏನು ಡಯಾಗ್ನೋಸಿಸ್?”

“ಲೈಟ್ ಸರಿಯಾಗಿದೆ ಅಂಕಲ್. ಬದಲಾಯಿಸಬೇಡಿ. ಇನ್ನೂ ಸ್ವಲ್ಪ ದಿನ ನೋಡಿ.”

“ಕಾರಣ?”

“ಕೆಲವು ಗಿಡ ಲೇಟ್ ಮಾಡತ್ತೆ.”

ಹತ್ತೊಂಬತ್ತು ವರ್ಷ ಗಿಡಗಳ ಜೊತೆ ಕೆಲಸ ಮಾಡಿದವಳು ಕೊಟ್ಟ ಉತ್ತರ ಇದು. ಅಂಕಲ್ ನಂಬಿಕೆಯಿಲ್ಲದ ಮುಖದಲ್ಲಿ ಕೋಡುಬಳೆ ಮುರಿದರು. ಆಂಟಿ ಸಿಂಕಿನ ಕಡೆ ತಿರುಗಿಕೊಂಡಿದ್ದರು. ಮನೆಗೆ ವಾಪಸ್ ಡ್ರೈವ್ ಮಾಡುವಾಗ ಬ್ಯಾಗಿನಿಂದ ಹೊರಗೇ ಬಾರದ ಮೀಟರ್ ನೆನಪಾಯಿತು.

ಮೊದಲ ವಾರ ಕಳೆಯಿತು. ಎರಡನೆಯದೂ. ನಾನು ಫೋನ್ ಮಾಡಲಿಲ್ಲ. ಮೂರನೆಯ ವಾರ ಮುಗಿಯಲು ಎರಡು ದಿನ ಇದ್ದಾಗ, ಅಂಕಲ್‌ಗೆ ಹೇಗೆ ಹೇಳುವುದೆಂದು ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡುತ್ತಿದ್ದೆ. ಆಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಕೊಂಬೆಯ ಸಂದಿನಲ್ಲಿ ಎರಡು ಬಿಳಿ ಎಳೆ. ನೂಲಿಗಿಂತ ತೆಳ್ಳಗೆ. ಜೊತೆಗೆ ಅಂಕಲ್ ಬರೆದಿದ್ದರು: ‘ಲೈಟನ್ನು ಎರಡು ಇಂಚು ಮೇಲೆತ್ತಿದೆ. ಅದೇ ತೊಂದರೆ ಆಗಿತ್ತು. ನಿನಗೂ ಹೊಳೆಯಲಿಲ್ಲ ನೋಡು.’

ಹೌದು ಅಂಕಲ್, ಹೊಳೆಯಲಿಲ್ಲ ಎಂದು ಉತ್ತರಿಸಿದೆ.

ಆಮೇಲೆ ಆಂಟಿಗೆ ಫೋನ್ ಮಾಡಿದೆ. ಬಲ್ಬಿನ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಹೂ ಬಲಿತು ಎಣ್ಣೆಯಾಗಲು ಇನ್ನೂ ಎರಡು ತಿಂಗಳಾದರೂ ಬೇಕು. ಕೊಟ್ಟ ಮೇಲೆ ಏನಾಗುತ್ತದೋ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

“ಭಯ ಆಗ್ತಿದೆಯಾ ಆಂಟಿ?”

“ಆಗ್ತಿದೆ. ಅವರಿಗೆ ಹೇಳ್ಬೇಡ.”

“ಉರಿ ಹೇಗಿದೆ?”

“ಅದು ಹಾಗೇ ಇದೆ ಸುಮಾ” ಎಂದರು. ಆಮೇಲೆ ಧ್ವನಿ ಸ್ವಲ್ಪ ಗೆಲುವಾಯಿತು. “ಆದ್ರೆ ಅವರು ತುಂಬ ಸುಧಾರಿಸಿದಾರೆ.”

ಆ ಮನೆಯಲ್ಲಿ ರೋಗಿ ಯಾರು, ನೀವೇ ಹೇಳಿ.